ಫುಲ್ ಕೋಟ್ ಪ್ರೆಸ್

ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳದ ಪಕ್ಕದಲ್ಲಿ ಜನ ಕೂತು ಆಟ ನೋಡೋ ಸಿಮೆಂಟು ಮೆಟ್ಟಿಲು. ಆ ಮೆಟ್ಟಿಲ ಹೊಟ್ಟೆಯೊಳಗೆ ಒಂದು ಕೋಣೆ. ಒಂದು ಕಡೆ ಮನುಷ್ಯ ನೆಟ್ಟಗೆ ನಿಲ್ಲಬಹುದು. ಇನ್ನೊಂದು ಕಡೆ ಬೆಕ್ಕೂ ಬಗ್ಗಬೇಕು. ಇಪ್ಪತ್ತೈದು ವರ್ಷ ಅದರೊಳಗೆ ನಿಂತು ಇಸ್ತ್ರಿ ಹಾಕಿದವನು ಗೆರೆಯಣ್ಣ.

ಹೆತ್ತವರು ಇಟ್ಟ ಹೆಸರು ಬೇರೆ. ಅದನ್ನು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಪ್ಯಾಂಟಿಗೆ ಅವನು ಹಾಕೋ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಅಂತ ಹೆಂಡತಿ ಆಡಿಕೊಳ್ಳುತ್ತಿದ್ದಳು. ಅವಳು ಕೋಣೆಯ ಹೊರಗೆ ನಲ್ಲಿ ಹತ್ತಿರ ಒಗೆಯೋಳು. ಅವನು ಒಳಗೆ ಇಸ್ತ್ರಿ ಹಾಕೋನು. ಗಂಡಹೆಂಡಿರ ನಡುವೆ ಒಂದು ಬಾಗಿಲು, ಒಂದು ಹಗ್ಗ. ಮಾತು ಮಾತ್ರ ಗೋಡೆ ಹಾರಿ ಹೋಗುತ್ತಿತ್ತು.

ಅವನ ಬಲಗಿವಿ ಮಂದ. ಎಡಗಿವಿಗೆ ಮೇಲಿನ ಮೆಟ್ಟಿಲ ಮೇಲೆ ಓಡಾಡೋ ಕಾಲುಗಳ ಸದ್ದು. ಹಾಗಾಗಿ ಹೇಳಿದ್ದರಲ್ಲಿ ಅರ್ಧ ಕೇಳೋನು, ಉಳಿದ ಅರ್ಧ ತಾನೇ ತುಂಬಿಕೊಳ್ಳೋನು. ಆ ತುಂಬಿಕೊಂಡ ಅರ್ಧದಿಂದಲೇ ಅವನ ಬಾಳಿನ ಎಲ್ಲಾ ಎಡವಟ್ಟೂ ಆದದ್ದು.

ಮೊದಲನೇ ವರ್ಷ ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮಿನ ಬಟ್ಟೆ ಗಂಟು ಬಂತು. ಕೈಯಿಲ್ಲದ ಹನ್ನೆರಡು ಬನಿಯನ್ನು, ಬೆನ್ನ ಮೇಲೆ ನಂಬರು. ಗೆರೆಯಣ್ಣ ನಂಬರ್ ಪ್ರಕಾರ ಜೋಡಿಸಿಟ್ಟ. ನಾಲ್ಕರಿಂದ ಹದಿನೈದು. ಒಂದು ಎರಡು ಮೂರು ಇಲ್ಲ. ತೊಟ್ಟಿ ಬೋರಲು ಹಾಕಿದ. ಚರಂಡಿಗೆ ಕೋಲು ಹಾಕಿದ. ಎದುರು ಬೀದಿಯ ನಾಯಿ ಮೇಲೆ ಅನುಮಾನ ಪಟ್ಟು ಎರಡು ದಿನ ಅದರ ಹಿಂದೆ ತಿರುಗಿದ. ಕೊನೆಗೆ ಅಂಥದ್ದೇ ಮೂರು ಬನಿಯನ್ ತಂದು, ಬಿಳಿ ಬಟ್ಟೆ ಕತ್ತರಿಸಿ ಒಂದು, ಎರಡು, ಮೂರು ಅಂತ ಹೊಲಿದು, ಇಸ್ತ್ರಿ ಹಾಕಿ ಗಂಟಿನ ಮೇಲಿಟ್ಟು ಕೊಟ್ಟ.

ಆಗಿನ ಆಟದ ಮೇಷ್ಟ್ರು ನೋಡಿ, "ಇವು ಯಾರವಯ್ಯಾ?" ಅಂದರು. ಈ ಆಟದಲ್ಲಿ ನಂಬರು ಶುರುವಾಗೋದೇ ನಾಲ್ಕರಿಂದಂತೆ.

ಆ ಮೂರು ಬನಿಯನ್ ವ್ಯರ್ಥ ಆಗಲಿಲ್ಲ. ಒಂದನೇ ನಂಬರ್ ಹಾಕಿಕೊಂಡೇ ಅವನು ಇಸ್ತ್ರಿ ಹಾಕುತ್ತಿದ್ದ. ಹರಿದರೆ ತೇಪೆ ಹಾಕಿಸಿಕೊಳ್ಳೋನು. "ಇಡೀ ಕಾಲೇಜಿಗೆ ಒಂದನೇ ನಂಬರ್ ನಾನೊಬ್ಬನೇ ಕಣೇ" ಅನ್ನೋನು. "ಹೌದು, ಆಡದೇ ಇರೋರಲ್ಲಿ" ಅನ್ನೋಳು ಹೆಂಡತಿ.

ಹೀಗೆ ಇರುವಾಗ ಬೀಗದ ಗುಮಾಸ್ತ ಬಂದ.

ಅವನು ಕಾಲೇಜಿನ ಆಫೀಸಿನ ಹಿರಿಯ ಗುಮಾಸ್ತ. ಸೊಂಟದಲ್ಲಿ ಒಂದು ಬಳೆ, ಬಳೆಯಲ್ಲಿ ನಲವತ್ತು ಬೀಗದ ಕೈ. ಬರೋ ಮುಂಚೆ ಸದ್ದು ಬರುತ್ತಿತ್ತು. ಖಾಲಿ ಕೋಣೆ ಕಂಡರೆ ಅವನಿಗೆ ಮೈ ಪರಚಿಕೊಳ್ಳೋ ಹಾಗೆ ಆಗೋದು. ಹಿಂದೊಮ್ಮೆ ಹಾಗೆ ಯಾವುದೋ ಕೋಣೆಗೆ ಬೀಗ ಜಡಿದಾಗ ಒಳಗೆ ಕೆಮಿಸ್ಟ್ರಿ ಮೇಷ್ಟ್ರು ಇದ್ದರು. ಮಧ್ಯಾಹ್ನದ ತನಕ ಕಿಟಕಿಯಲ್ಲಿ ಕರವಸ್ತ್ರ ಬೀಸಿದರು. ಪ್ರಿನ್ಸಿಪಾಲರು ಚೆನ್ನಾಗಿ ಉಗಿದ ಮೇಲೆ ಗುಮಾಸ್ತ ತನ್ನ ಕೈಯಾರೆ ಒಂದು ಬೋರ್ಡು ಬರೆದು ಎಲ್ಲಾ ಬಾಗಿಲ ಮೇಲೂ ಹೊಡೆಸಿದ: "ಕೆಲಸ ಬಾಕಿ ಇರುವಾಗ ಯಾವ ಕೋಣೆಗೂ ಬೀಗ ಹಾಕಕೂಡದು." ಗೆರೆಯಣ್ಣನ ಬಾಗಿಲ ಮೇಲೂ ಅದು ಇತ್ತು. ಅಲ್ಲಿ ಯಾರೂ ಓದುತ್ತಿರಲಿಲ್ಲ.

"ನೋಡಪ್ಪ," ಅಂದ ಗುಮಾಸ್ತ. "ಬಟ್ಟೆ ಒಗೆಯೋಕೆ ಇನ್ನು ಮೇಲೆ ಹೊರಗಿನ ಗಾಡಿ ಬರುತ್ತೆ. ಮೆಷಿನ್ನಲ್ಲಿ ಒಗೆದು ಮಡಚಿ ತಂದುಕೊಡ್ತಾರೆ. ಈ ಕೋಣೆ ಆಟದ ಸಾಮಾನಿಗೆ ಬೇಕು. ಟೂರ್ನಮೆಂಟ್ ಮುಗಿದ ಮಾರನೇ ದಿನ ಖಾಲಿ ಮಾಡ್ಕೊಡು."

"ಇಪ್ಪತ್ತೆರಡು ವರ್ಷ ಆಯ್ತು ಸಾರ್."

"ಅದಕ್ಕೇ ಹೇಳ್ತಿರೋದು. ಸಾಕಲ್ವಾ? ಟೀಮಿಗೇ ಬೇಕಾದ ಮನುಷ್ಯ ಆಗಿದ್ರೆ ಬೇರೆ ಮಾತು."

ಗುಮಾಸ್ತ ಹೋದ. ಬೀಗದ ಕೈಗಳ ಸದ್ದು ದೂರ ಆಯ್ತು. ಆಮೇಲೆ ಹೆಂಡತಿ ಒಂದು ಬೆಡ್‌ಶೀಟ್ ಹಿಡಿದು ಕಲ್ಲಿಗೆ ಬಡಿದ ಬಡಿತಕ್ಕೆ ಅದು ಸೀಳಿತು.

ಅದೇ ವಾರ ಕೋಚ್ ಬಂದರು. ಹೊಸಬರು, ಚಿಕ್ಕ ವಯಸ್ಸು. ಕೊರಳಲ್ಲಿ ವಿಷಲ್ಲು, ಕೈಯಲ್ಲಿ ನೋಟ್‌ಬುಕ್ಕು, ಕಣ್ಣ ಕೆಳಗೆ ಕಪ್ಪು. ತಮ್ಮ ಅಂಗಿ ಇಸ್ತ್ರಿ ಆಗೋ ತನಕ ಬಾಗಿಲಿಗೆ ಒರಗಿ ನಿಂತರು. ಮೇಲೆ ಮೆಟ್ಟಿಲ ಮೇಲೆ ಹುಡುಗಿಯರು ಹತ್ತಿ ಇಳಿದು ಓಡುತ್ತಿದ್ದರು. ದಬದಬ ಸದ್ದು.

"ಅಣ್ಣ," ಅಂದರು ಕೋಚ್, ಅರ್ಧ ತಮಗೇ ಹೇಳಿಕೊಳ್ಳೋ ಹಾಗೆ. "ಈ ಸಲ ಫುಲ್ ಕೋರ್ಟ್ ಪ್ರೆಸ್ ಮಾಡಿಬಿಡೋಣ ಅಂತಿದ್ದೀನಿ. ನಲವತ್ತು ನಿಮಿಷವೂ. ತಡೆಯುತ್ತೋ ಇಲ್ವೋ ಅದೇ ಯೋಚನೆ."

ಗೆರೆಯಣ್ಣನಿಗೆ ಕೇಳಿದ್ದು ಫುಲ್ ಕೋಟ್ ಪ್ರೆಸ್. ಸರಿ, ಟೀಮಿಗೆ ಉದ್ದನೇ ಕೋಟು ಹೊಲಿಸುತ್ತಿದ್ದಾರೆ ಅಂದುಕೊಂಡ. ಪ್ರೆಸ್ ವಿಷಯ ತನ್ನನ್ನು ಕೇಳದೆ ಇನ್ಯಾರನ್ನು ಕೇಳುತ್ತಾರೆ? ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟ.

"ನಲವತ್ತು ನಿಮಿಷ ಒಂದೇ ಸಮ ಒತ್ತಿದ್ರೆ ಯಾವ್ದೂ ತಡೆಯಲ್ಲ ಸಾರ್. ಸುಟ್ಟು ಹೋಗುತ್ತೆ."

ಕೋಚ್ ತಲೆ ಎತ್ತಿದರು. "ಮತ್ತೆ?"

"ಒತ್ತಬೇಕು, ಎತ್ತಬೇಕು. ಒತ್ತಬೇಕು, ಎತ್ತಬೇಕು. ಎತ್ತೋದು ಗೊತ್ತಿಲ್ಲದೋನಿಗೆ ಒತ್ತೋದೂ ಗೊತ್ತಿಲ್ಲ."

ಕೋಚ್ ನೋಟ್‌ಬುಕ್ ತೆಗೆದರು.

"ಹನ್ನೆರಡು ಇದ್ರೂ ಹನ್ನೆರಡೂ ಒಂದೇ ಅಂತ ತಿಳ್ಕೋಬಾರ್ದು," ಅಂದ ಗೆರೆಯಣ್ಣ. ಕೇಳೋ ಕಿವಿ ಸಿಕ್ಕಿದ್ದು ಅವನಿಗೆ ಅಪರೂಪ. "ಒಂದು ಹತ್ತಿ. ಎಷ್ಟು ಬಿಸಿ ಕೊಟ್ರೂ ತಗೊಳುತ್ತೆ. ಒಂದು ನೈಲಾನು. ನೋಡೋಕೆ ಮಿಂಚುತ್ತೆ, ಬಿಸಿ ತಾಗಿದ್ರೆ ಮುದುಡ್ಕೊಳುತ್ತೆ. ಯಾವ್ದು ಯಾವ್ದು ಅಂತ ಮುಟ್ಟಿ ನೋಡದೆ ಪ್ರೆಸ್ಸಿಗೆ ಹೊರಡಬಾರ್ದು."

"ಉದ್ದ ಇರೋದಕ್ಕೆ?" ಅಂದರು ಕೋಚ್. ಟೀಮಿನಲ್ಲಿ ಇಬ್ಬರು ಆರಡಿ ಹುಡುಗಿಯರಿದ್ದರು, ಹನ್ನೊಂದು ಮತ್ತು ಹದಿನೈದು. ಅವರದ್ದೇ ಚಿಂತೆ.

"ಉದ್ದದ್ದನ್ನ ಆ ತುದಿಯಿಂದ ಈ ತುದಿಗೆ ಎಳೆದಾಡಬೇಡಿ ಸಾರ್, ಜೋತು ಬೀಳುತ್ತೆ. ಒಂದು ಕಡೆ ನೇತು ಹಾಕಿಬಿಡಿ. ತೋಳು ಅಗಲ ಮಾಡಿ."

"ಶುರು ಎಲ್ಲಿಂದ?"

"ಕಾಲರ್ ಸಾರ್. ಮೊದಲು ಕಾಲರ್ ಹಿಡೀಬೇಕು. ಕಾಲರ್ ಬಿಟ್ಟು ಮೈ ಹಿಡಿಯೋಕೆ ಹೋದೋನು ಕೆಟ್ಟ. ಇನ್ನೊಂದು. ಹಸಿ ಇರೋವಾಗ್ಲೇ ಹಿಡೀಬೇಕು. ಆರಿ, ಗಟ್ಟಿಯಾಗಿ, ತನ್ನ ಪಾಡಿಗೆ ಮಡಿಕೆ ಕೂತ ಮೇಲೆ ನಿಮ್ಮ ಮಾತು ಕೇಳಲ್ಲ."

ಕೋಚ್ ಬರೆಯುತ್ತಲೇ ಇದ್ದರು. ಕೊನೆಗೆ ನೋಟ್‌ಬುಕ್ ಮುಚ್ಚಿ, ಅಂಗಿ ಇಸ್ಕೊಳ್ಳೋದನ್ನೂ ಮರೆತು, "ಅಣ್ಣ, ಇಷ್ಟು ದಿನ ನೀನು ಇಲ್ಲೇ ಇದ್ಯಾ?" ಅಂದು ಹೊರಟು ಹೋದರು.

"ಎಲ್ಲಿಗೆ ಹೋಗ್ಲಿ?" ಅಂದ ಗೆರೆಯಣ್ಣ, ಖಾಲಿ ಬಾಗಿಲಿಗೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಹೆಂಡತಿಗೆ ಹೇಳಿದ. ಹನ್ನೆರಡು ಉದ್ದ ಕೋಟು ಬರುತ್ತೆ, ಕೋಣೆ ಉಳೀಬಹುದು, ಕೋಚ್ ಸಾರ್ ನನ್ನ ಮಾತು ಬರ್ಕೊಂಡ್ರು.

ಹೆಂಡತಿ ಬಾಯಿಗಿಟ್ಟ ತುತ್ತು ನಿಲ್ಲಿಸಿದಳು. "ಕೋಟಾ? ಆ ಹುಡುಗಿಯರು ಅರ್ಧ ಚಡ್ಡಿ ಹಾಕ್ಕೊಂಡು ಓಡ್ತಾರೆ. ಅವರಿಗ್ಯಾಕ್ರೀ ಕೋಟು?"

"ಚಳಿ ಇರಬಹುದು."

"ನಿಮ್ಮ ತಲೆ ಇರಬಹುದು."

ಮಾರನೇ ದಿನ ಟೀಮಿನ ಕ್ಯಾಪ್ಟನ್ ಹುಡುಗಿ, ನಾಲ್ಕನೇ ನಂಬರಿನವಳು, ಬೆವರಿನ ಬಟ್ಟೆ ಗಂಟು ತಂದು ತೊಟ್ಟಿ ಹತ್ತಿರ ಹಾಕಿದಳು. ಹೆಂಡತಿ ಮೆಲ್ಲಗೆ ಕೇಳಿದಳು. ಹುಡುಗಿ ಅರ್ಥ ಹೇಳಿದಳು.

"ಕೋಟಲ್ಲ ಅಕ್ಕ, ಕೋರ್ಟು. ಕೋರ್ಟ್ ಅಂದ್ರೆ ಈ ಅಂಗಳ. ಎದುರು ಪಾರ್ಟಿ ಬಾಲ್ ಹಿಡ್ಕೊಂಡು ನಮ್ಮ ಕಡೆ ಬರಲಿ ಅಂತ ಕಾಯೋದಲ್ಲ. ಅವರ ಬಾಗಿಲಿಗೇ ಹೋಗಿ ಅಡ್ಡ ನಿಲ್ಲೋದು. ಆ ತುದಿಯಿಂದ ಈ ತುದಿ ತನಕ ಮೈಮೇಲೆ ಬಿದ್ದು ಉಸಿರು ಬಿಡೋಕೂ ಬಿಡಬಾರದು."

"ಓಹೋ," ಅಂದಳು ಹೆಂಡತಿ. "ನಮ್ಮತ್ತೆ ಮಾಡ್ತಿದ್ರಲ್ಲ, ಅದು."

"ಹೂಂ, ಹಾಗೇ ಅಂದ್ಕೊಳ್ಳಿ."

"ಅವರು ಒಬ್ಬರೇ ಮಾಡ್ತಿದ್ರಮ್ಮ. ಅದಕ್ಕೆ ಐದು ಜನ ಯಾಕೆ?"

ಹುಡುಗಿ ಹೋದ ಮೇಲೆ ಅವಳು ತೊಟ್ಟಿಯ ಅಂಚಿನ ಮೇಲೆ ಕೂತು ನಕ್ಕಳು. ಕಣ್ಣಲ್ಲಿ ನೀರು ಬರೋ ತನಕ ನಕ್ಕಳು. ಗೆರೆಯಣ್ಣ ಹೊರಗೆ ಬಂದು ಏನು ಅಂದ. ಹೇಳಿದಳು. ಅವನ ಮುಖ ಒಗೆದು ಹಿಂಡಿದ ಬಟ್ಟೆ ಹಾಗಾಯ್ತು.

"ಈಗಲೇ ಹೋಗಿ ಹೇಳ್ಬಿಡ್ತೀನಿ. ತಪ್ಪಾಯ್ತು, ನಾನು ಹೇಳಿದ್ದು ಬಟ್ಟೆ ವಿಷಯ ಅಂತ."

"ಹೇಳೋ ಮುಂಚೆ ಇದನ್ನ ಓದಿ," ಅಂತ ಅವಳು ಒಂದು ಕಾಗದ ಕೊಟ್ಟಳು. ಬೆಳಿಗ್ಗೆ ಆಫೀಸಿನ ಜವಾನ ಕೊಟ್ಟು ಹೋಗಿದ್ದ. ಕೋಚ್ ಆಫೀಸಿಗೆ ಬರೆದದ್ದರ ನಕಲು. ಈ ಮನುಷ್ಯ ಟೀಮಿಗೆ ಬೇಕೇ ಬೇಕು, ಫೈನಲ್ ಆಗೋ ತನಕ ಬೆಂಚಲ್ಲಿ ನನ್ನ ಪಕ್ಕ ಕೂರಬೇಕು, ಕೋಣೆ ಇವನ ಹತ್ತಿರವೇ ಇರಲಿ, ಅಂತ ಇತ್ತು.

ಗೆರೆಯಣ್ಣ ಎರಡು ಸಲ ಓದಿದ. "ಇದು ಮೋಸ ಕಣೇ."

"ಯಾವ್ದು ಮೋಸ? ನೀವು ಹೇಳಿದ್ರಲ್ಲಿ ಒಂದಾದ್ರೂ ಸುಳ್ಳಿದ್ಯಾ? ಒತ್ತಬೇಕು, ಎತ್ತಬೇಕು. ಸರಿಯಾಗೇ ಇದೆ. ಬಾಯಿಗೆ ಬೀಗ ಹಾಕ್ಕೊಳ್ಳಿ. ಇಲ್ಲಾಂದ್ರೆ ಕೋಣೆಗೆ ಬೀಗ."

ಬಾಯಿಗೆ ಬೀಗ ಹಾಕಿಕೊಂಡ. ಆದರೆ ಸುಳ್ಳು ಅವನ ಹೊಟ್ಟೆಯಲ್ಲಿ ನಿಲ್ಲೋದಲ್ಲ. ಎರಡು ದಿನ ಬಿಕ್ಕಳಿಸಿದ.

ಮೂರನೇ ದಿನ ಕೋಚ್ ಹನ್ನೆರಡು ಹೆಸರು ಬರೆದ ಪಟ್ಟಿ ಹಿಡಿದು ಬಂದರು. "ಅಣ್ಣ, ನೀನೇ ಹೇಳಿದ್ದೆಯಲ್ಲ, ಮುಟ್ಟಿ ನೋಡದೆ ಹೊರಡಬಾರ್ದು ಅಂತ. ಈಗ ಹೇಳು. ಈ ಹನ್ನೆರಡರಲ್ಲಿ ಹತ್ತಿ ಯಾರು, ನೈಲಾನ್ ಯಾರು?"

ಗೆರೆಯಣ್ಣ ಬಿಕ್ಕಳಿಸಿದ. ಆಟ ಅವನು ನೋಡಿದವನೇ ಅಲ್ಲ. ಆಟ ಅಂದರೆ ಅವನಿಗೆ ತಲೆ ಮೇಲಿನ ಸದ್ದು. "ನಾಳೆ ಹೇಳ್ತೀನಿ ಸಾರ್" ಅಂದ.

ಹೆಂಡತಿಗೆ ಬಂದು ಹೇಳಿದಾಗ ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಇಷ್ಟೇನಾ? ಅದನ್ನ ನನ್ನ ಕೇಳಿ."

ಆಟ ಅವಳೂ ನೋಡಿರಲಿಲ್ಲ. ಆದರೆ ಆ ಹನ್ನೆರಡು ಬನಿಯನ್ ವಾರಕ್ಕೆ ನಾಲ್ಕು ಸಲ ಅವಳ ಕೈಯಲ್ಲಿ ಹಾದು ಹೋಗುತ್ತಿದ್ದವು. ಯಾರು ಎಷ್ಟು ಓಡಿದರು ಅನ್ನೋದು ಬಟ್ಟೆ ಬಾಯಿಬಿಟ್ಟು ಹೇಳುತ್ತೆ. ಓದೋಕೆ ಬರಬೇಕು ಅಷ್ಟೆ. ಗಂಟು ಬಿಚ್ಚಿ ಒಂದೊಂದೇ ತೆಗೆದು ಹಗ್ಗಕ್ಕೆ ಹಾಕಿದಳು.

"ಏಳನೇ ನಂಬರ್ ನೋಡಿ. ಬೆನ್ನೆಲ್ಲಾ ಉಪ್ಪು, ಎದೆಯೆಲ್ಲಾ ಉಪ್ಪು. ಇದು ಓಡೋ ಮೈ. ನಾಲ್ಕು ಹಾಗೇ. ಐದು, ಆರು, ಎಂಟು, ಹತ್ತು, ಹನ್ನೆರಡು, ಇವೂ ಪರವಾಗಿಲ್ಲ. ಹನ್ನೊಂದು, ಹದಿನೈದು, ಬರೀ ಕಂಕುಳು ಒದ್ದೆ. ಕೈ ಎತ್ತಿ ನಿಂತಿದ್ದಾರೆ, ಓಡಿಲ್ಲ. ಹದಿಮೂರು, ಹದಿನಾಲ್ಕು, ಪೌಡರ್ ವಾಸನೆ ಇನ್ನೂ ಹೋಗಿಲ್ಲ. ಇವರನ್ನ ಆಟಕ್ಕೇ ಕರೆದಿಲ್ಲ, ಪಾಪ."

"ಒಂಬತ್ತು?"

ಅವಳು ಒಂಬತ್ತನ್ನು ಮೂಗಿಗೆ ಹಿಡಿದಳು. ಆಮೇಲೆ ಗಂಡನ ಮೂಗಿಗೆ ಹಿಡಿದಳು. "ಎದೆ ಮಾತ್ರ ಒದ್ದೆ. ಉಪ್ಪಿಲ್ಲ, ವಾಸನೆ ಇಲ್ಲ. ಇದು ಬೆವರಲ್ಲ ಕಣ್ರೀ. ಬಾಟಲಿ ನೀರು. ಮೇಷ್ಟ್ರು ಆ ಕಡೆ ತಿರುಗಿದಾಗ ಸುರ್ಕೊಂಡಿದ್ದಾಳೆ ಕಳ್ಳಿ."

ಒತ್ತೋಕೆ ಆಗೋದು ಏಳು. ಒತ್ತಬಾರದ್ದು ನಾಲ್ಕು. ಕಳ್ಳಬಟ್ಟೆ ಒಂದು. ಗೆರೆಯಣ್ಣ ಇದನ್ನೇ ಕೋಚ್‌ಗೆ ಒಪ್ಪಿಸಿದ. ಕೋಚ್ ಲೆಕ್ಕ ಹಾಕಿದರು. ಅಂಗಳದಲ್ಲಿ ಐದು ಜನ ಬೇಕು. ಪ್ರೆಸ್ ಮಾಡೋರು ಏಳೇ. ಬದಲಿಗೆ ಇಬ್ಬರು ಮಾತ್ರ. ನಲವತ್ತು ನಿಮಿಷದ ಪ್ರೆಸ್ ಈ ಟೀಮಿಗೆ ಆಗೋ ಮಾತಲ್ಲ. ಎರಡು ನಿಮಿಷ ಒತ್ತಿ, ಮೂರು ನಿಮಿಷ ಎತ್ತಿ ಆಡೋದು ಅಂತ ತೀರ್ಮಾನ ಆಯ್ತು. ಒತ್ತದೇ ಇರೋವಾಗ ಉದ್ದದವರಿಬ್ಬರನ್ನು ಬುಟ್ಟಿ ಕೆಳಗೆ ನೇತು ಹಾಕಿದರು, ತೋಳು ಅಗಲ ಮಾಡಿ. ಒಂಬತ್ತನೇ ನಂಬರ್ ಬೆಂಚು ಕಾಯೋಕೆ ಹೋದಳು.

ಅವಳು ಸಂಜೆ ಬುಸುಗುಟ್ಟಿಕೊಂಡು ತೊಟ್ಟಿ ಹತ್ತಿರ ಬಂದಳು. "ಅಕ್ಕ, ನೀವಾ ಹೇಳಿದ್ದು?"

"ನಾನ್ಯಾಕೆ ಹೇಳ್ಲಿ? ನಿನ್ನ ಬನಿಯನ್ ಹೇಳ್ತು."

"ಬನಿಯನ್ ಮಾತಾಡುತ್ತಾ?"

"ನೀರು ಕುಡಿಸಿದ್ರೆ ಮಾತಾಡುತ್ತೆ."

ಹುಡುಗಿ ಕಾಲು ನೆಲಕ್ಕೆ ಅಪ್ಪಳಿಸಿ ಹೋದಳು. ಆ ಅಪ್ಪಳಿಸಿದ ಸದ್ದಿಗೆ ಹೆಂಡತಿ ಕಿವಿ ನೆಟ್ಟಗಾಯ್ತು. ಕಾಲಲ್ಲಿ ಜೀವ ಇದೆ, ಮನಸ್ಸಲ್ಲಿ ಸೋಮಾರಿ ಅಂತ ಗಂಡನಿಗೆ ಹೇಳಿದಳು.

ಈ ಒತ್ತು ಎತ್ತು ಆಟದಲ್ಲೇ ಟೀಮು ಮೂರು ಮ್ಯಾಚು ಗೆದ್ದಿತು. ಗೆರೆಯಣ್ಣ ಬೆಂಚಲ್ಲಿ ಒಂದನೇ ನಂಬರ್ ಬನಿಯನ್ ಹಾಕಿಕೊಂಡು ಕೂರೋನು. ಹೆಂಡತಿ ಎದುರಿನ ಮೆಟ್ಟಿಲ ಮೇಲೆ ಟವೆಲ್ ಹಿಡಿದು ಕೂರೋಳು. ಅವರವರಲ್ಲೇ ಒಂದು ಗುಟ್ಟು. ಬನಿಯನ್‌ಗಳ ಬಣ್ಣ ತಿಳಿಯಾಗಿದ್ದರೆ ಅವಳು ಟವೆಲ್ ಬಿಡಿಸಿ ತೊಡೆ ಮೇಲೆ ಹರವೋಳು. ಅಂದರೆ ಒತ್ತು. ಬೆನ್ನೆಲ್ಲಾ ಬೆವರಿಗೆ ಕಪ್ಪಾದರೆ ಟವೆಲ್ ಮಡಚೋಳು. ಅಂದರೆ ಎತ್ತು. ಗೆರೆಯಣ್ಣ ಅದನ್ನು ನೋಡಿ ಕೋಚ್ ಕಿವಿಯಲ್ಲಿ ಉಸುರೋನು. ಅವನ ಕಣ್ಣು ಬಾಲ್ ಮೇಲೆ ಒಂದು ಗಳಿಗೆಯೂ ಇರಲಿಲ್ಲ. ಪೂರ್ತಿ ಹೆಂಡತಿ ಮೇಲೆ. ಮದುವೆಯಾದ ಹೊಸದರಲ್ಲೂ ಅವನು ಅಷ್ಟು ನೋಡಿರಲಿಲ್ಲ.

ಫೈನಲ್ ದಿನ ಬೀಗದ ಗುಮಾಸ್ತ ಬಂದು ಸರಿಯಾಗಿ ಬೆಂಚಿನ ಹಿಂದೆಯೇ ಕೂತ. ಕೋಚ್ ಬರೆದ ಕಾಗದ ಅವನಿಗೆ ಗಂಟಲಲ್ಲಿ ಮುಳ್ಳಾಗಿತ್ತು.

"ಏನಪ್ಪ ಗೆರೆ, ನಿನಗೆ ಈ ಆಟ ಬರುತ್ತಾ?"

"ಬಿಕ್," ಅಂದ ಗೆರೆಯಣ್ಣ.

ಎದುರು ಟೀಮು ಗಟ್ಟಿ. ಮೂರು ಪಾಲು ಆಟ ಮುಗಿಯೋ ಹೊತ್ತಿಗೆ ತಪ್ಪು ಜಾಸ್ತಿಯಾಗಿ ನಮ್ಮ ಐದು ಮತ್ತು ಎಂಟು ಹೊರಗೆ ಬಂದರು. ಒತ್ತೋ ಏಳರಲ್ಲಿ ಉಳಿದದ್ದು ಐದೇ. ಐದೂ ಅಂಗಳದಲ್ಲಿ. ನಾಲ್ಕು ನಿಮಿಷ ಬಾಕಿ, ಆರು ಪಾಯಿಂಟ್ ಹಿಂದೆ. ಕೋಚ್ ಎದ್ದು ನಿಂತರು. ವಿಷಲ್ ಹಾರ ಹರಿದು ಹೋಗೋ ಹಾಗೆ ಕೂಗಿದರು. "ಪ್ರೆಸ್! ಪ್ರೆಸ್! ಮುಗಿಯೋ ತನಕ ಪ್ರೆಸ್!"

ಗೆರೆಯಣ್ಣ ಎದುರು ನೋಡಿದ. ಹೆಂಡತಿ ಟವೆಲ್ ಮಡಚಿದಳು. ಅವನು ಗಮನಿಸಲಿಲ್ಲ ಅಂತ ಇನ್ನೊಂದು ಮಡಿಕೆ ಹಾಕಿದಳು. ಆಮೇಲೆ ಇನ್ನೊಂದು. ಟವೆಲ್ ಕರವಸ್ತ್ರದಷ್ಟಾಯ್ತು. ಅವಳ ಕಣ್ಣು ಏಳನೇ ನಂಬರ್ ಮೇಲೆ. ಆ ಹುಡುಗಿಯ ಬನಿಯನ್‌ನಲ್ಲಿ ಅಂಗೈಯಗಲ ಒಣ ಜಾಗ ಇರಲಿಲ್ಲ. ತುಟಿ ಬೆಳ್ಳಗಾಗಿತ್ತು.

"ಎತ್ತಿ ಸಾರ್," ಅಂದ ಗೆರೆಯಣ್ಣ.

"ಈಗಲಾ? ಆರು ಹಿಂದೆ ಇದ್ದೀವಿ ಅಣ್ಣ!"

"ಏಳನ್ನ ಎತ್ತಿ ಸಾರ್."

"ಅವಳಿಲ್ಲದೆ ಪ್ರೆಸ್ ಹೇಗೆ? ಯಾವ ಲೆಕ್ಕದ ಮೇಲೆ ಹೇಳ್ತೀಯಾ?"

ಹಿಂದೆ ಬೀಗದ ಕೈ ಝಣ್ ಅಂತು. ಗುಮಾಸ್ತ ಮುಂದಕ್ಕೆ ಬಾಗಿದ್ದ. ಗೆರೆಯಣ್ಣನಿಗೆ ಕೋಣೆ ಕಣ್ಣ ಮುಂದೆ ಬಂತು. ನೆಟ್ಟಗೆ ನಿಲ್ಲೋ ಜಾಗ, ಬೆಕ್ಕು ಬಗ್ಗೋ ಜಾಗ, ಹಗ್ಗ, ನಲ್ಲಿ. ಹೊಟ್ಟೆಯಲ್ಲಿದ್ದ ಮಾತು ಬಿಕ್ಕಳಿಕೆ ಜೊತೆ ಹೊರಗೆ ಬಿತ್ತು.

"ಸಾರ್, ನನಗೆ ಈ ಆಟದಲ್ಲಿ ಒಂದು ಅಕ್ಷರ ಗೊತ್ತಿಲ್ಲ. ಅವತ್ತು ನೀವು ಕೋರ್ಟ್ ಅಂದಿದ್ದು ನನಗೆ ಕೋಟ್ ಅಂತ ಕೇಳಿಸ್ತು. ನಾನು ಹೇಳಿದ್ದೆಲ್ಲಾ ಬಟ್ಟೆ ವಿಷಯ. ಹುಡುಗಿಯರ ವಿಷಯ ಹೇಳಿದ್ದು ನಾನಲ್ಲ, ಒಗೆಯೋಳು ಹೇಳಿದ್ದು, ಅಗೋ ಅವಳು. ನಾನು ಸುಳ್ಳ. ಆದ್ರೆ ಆ ಬಟ್ಟೆ ಸುಡ್ತಾ ಇದೆ ಸಾರ್. ಅದು ಮಾತ್ರ ನನಗೆ ಗೊತ್ತು. ಎತ್ತಿ."

ಅಷ್ಟು ಹೇಳಿದ ಮೇಲೆ ಅವನ ಬಿಕ್ಕಳಿಕೆ ನಿಂತಿತು.

ಕೋಚ್ ಬಾಯಿ ತೆರೆದುಕೊಂಡು ಅವನನ್ನೇ ನೋಡಿದರು. ಆಮೇಲೆ ಎದುರಿನ ಮೆಟ್ಟಿಲ ಕಡೆ ನೋಡಿದರು. ಅಲ್ಲಿ ಹೆಂಡತಿ ಎದ್ದು ನಿಂತಿದ್ದಳು. ಟವೆಲ್ ಮುಷ್ಟಿಯೊಳಗೆ ಮಾಯವಾಗಿತ್ತು. ಕೋಚ್ ಆಟ ನಿಲ್ಲಿಸೋ ಸನ್ನೆ ಮಾಡಿ ಟೈಮ್ ಔಟ್ ತಗೊಂಡರು. ಏಳನ್ನು ಕರೆದರು. ಹುಡುಗಿ ಬಂದು ಬೆಂಚಲ್ಲಿ ಕೂರಲಿಲ್ಲ, ಬಿದ್ದಳು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಅಂಗಳದಲ್ಲೇ ಬೀಳುತ್ತಿದ್ದಳು.

"ಈಗ ಯಾರನ್ನ ಹಾಕ್ಲಿ?" ಅಂದರು ಕೋಚ್.

ಗೆರೆಯಣ್ಣ ಬೆಂಚಿನ ಉದ್ದಕ್ಕೂ ನೋಡಿದ. ಕೊನೆಯಲ್ಲಿ ಒಂಬತ್ತನೇ ನಂಬರ್ ಮುಖ ಊದಿಸಿಕೊಂಡು ಕೂತಿದ್ದಳು. ಬನಿಯನ್ ಇಸ್ತ್ರಿ ಹಾಕಿ ಕೊಟ್ಟ ಹಾಗೇ ಇತ್ತು. ಗೆರೆ ಕೂಡ ಅಳಿಸಿರಲಿಲ್ಲ.

"ಕಾಲಲ್ಲಿ ಜೀವ ಇದ್ದೂ ಒಣಗಿರೋದು ಅದೊಂದೇ ಸಾರ್."

ಹಸಿದ ಬೆಕ್ಕನ್ನು ಅಡಿಗೆ ಮನೆಗೆ ಬಿಟ್ಟ ಹಾಗಾಯ್ತು. ಒಂದು ತಿಂಗಳಿಂದ ಕೂಡಿಟ್ಟ ಸಿಟ್ಟು, ಒಂದು ವರ್ಷದಿಂದ ಕೂಡಿಟ್ಟ ಕಾಲು. ಎದುರಿನವರು ಬಾಲ್ ಒಳಗೆ ಎಸೆಯೋ ಮುಂಚೆಯೇ ಅವರ ಮೂಗಿನ ಹತ್ತಿರ ಒಂಬತ್ತು ನಿಂತಿರೋಳು. ಎರಡು ಸಲ ಕಸಿದಳು. ಒಂದು ಸಲ ತಾನೇ ಹಾಕಿದಳು, ಒಂದು ಸಲ ಕ್ಯಾಪ್ಟನ್‌ಗೆ ಕೊಟ್ಟು ಹಾಕಿಸಿದಳು. ಎರಡಕ್ಕೂ ಎರಡೆರಡು ಪಾಯಿಂಟ್, ಮತ್ತೆ ಯಾರಿಂದಲೋ ಇನ್ನೊಂದು ಬಂತು. ಕೊನೆಯ ಗಳಿಗೆಯಲ್ಲಿ ಅವಳು ಎಸೆದ ಬಾಲ್ ಬುಟ್ಟಿಯ ಕಂಬಿ ಮೇಲೆ ಎರಡು ಸುತ್ತು ಹಾಕಿ, ಯೋಚನೆ ಮಾಡಿ, ಹೊರಗೆ ಬಿತ್ತು.

ಒಂದು ಪಾಯಿಂಟಿನಲ್ಲಿ ಸೋತರು.

ಸಂಜೆ ಒಂಬತ್ತು ತೊಟ್ಟಿ ಹತ್ತಿರ ಬಂದು ತನ್ನ ಬನಿಯನ್ ಹೆಂಡತಿಯ ಮೂಗಿಗೇ ಹಿಡಿದಳು. "ನೋಡಿ ಅಕ್ಕ. ನೀರಲ್ಲ."

"ಥೂ, ಅತ್ಲಾಗೆ ಹಿಡಿ," ಅಂದಳು ಹೆಂಡತಿ. ಆದರೆ ಆ ಬನಿಯನ್ನನ್ನು ಬೇರೆಯಾಗಿ, ಮೆತ್ತಗೆ ಒಗೆದಳು.

ಗುಮಾಸ್ತ ಎಲ್ಲಾ ಕೇಳಿಸಿಕೊಂಡಿದ್ದ. "ಕೋಟಂತೆ ಕೋಟು! ನಾಳೆ ಹತ್ತು ಗಂಟೆಗೆ ಖಾಲಿ ಇರಬೇಕು" ಅಂದು ಹೋದ.

ಆ ಸಂಜೆ ಗಂಡಹೆಂಡತಿ ಸಾಮಾನು ಕಟ್ಟಿದರು. ಅವಳು ಬಯ್ಯುತ್ತಾಳೆ ಅಂತ ಅವನು ಕಾದ. ಬಯ್ಯಲಿಲ್ಲ. "ಆ ಹುಡುಗಿ ಬಿದ್ದು ಹೋಗ್ತಿದ್ಲು" ಅಂದಳು, ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ, "ನೀವು ಸುಳ್ಳ ಅಂತ ಊರಿಗೆಲ್ಲಾ ಹೇಳ್ಕೊಂಡ್ರಲ್ಲ, ಅದಕ್ಕೆ ನನ್ನ ಕಡೆ ಯಾಕೆ ಬೆರಳು ತೋರಿಸಿದ್ರಿ?" ಅಂತ ಬೈದಳು. ಅವನಿಗೆ ನೆಮ್ಮದಿಯಾಯ್ತು.

ಮಾರನೇ ದಿನ ಹತ್ತು ಗಂಟೆಗೆ ಗುಮಾಸ್ತ ಹೊಸ ಬೀಗ ಹಿಡಿದು ಬಂದ. ಬಂದರೆ, ಬಾಗಿಲಲ್ಲಿ ಸಾಲು. ನಾಲ್ಕರಿಂದ ಹದಿನೈದರ ತನಕ ಹನ್ನೆರಡು ಹುಡುಗಿಯರು, ನಂಬರ್ ಪ್ರಕಾರ ನಿಂತಿದ್ದರು. ಒಬ್ಬೊಬ್ಬಳ ತೋಳ ಮೇಲೂ ಒಂದೊಂದು ಕೋಟು. ಅಪ್ಪನದು, ಮಾವನದು, ಚಿಕ್ಕಪ್ಪನದು, ತಾತನದು. ಒಂದಕ್ಕೆ ಗುಂಡಿ ಇಲ್ಲ, ಒಂದರಲ್ಲಿ ನುಸಿ ಗುಳಿಗೆ ವಾಸನೆ. ಕೊನೆಯಲ್ಲಿ ಕೋಚ್, ತಮ್ಮ ಮದುವೆ ಕೋಟು ಹಿಡಿದುಕೊಂಡು.

"ಏನಿದು?" ಅಂದ ಗುಮಾಸ್ತ.

"ಫುಲ್ ಕೋಟ್ ಪ್ರೆಸ್ ಸಾರ್," ಅಂದಳು ಒಂಬತ್ತನೇ ನಂಬರ್. ಹನ್ನೆರಡೂ ಜನ ಕಿಸಕ್ ಅಂದರು.

"ಅದೆಲ್ಲಾ ಆಗಲ್ಲ. ಕೋಣೆಗೆ ಬೀಗ."

ಕ್ಯಾಪ್ಟನ್ ಬೆರಳು ಎತ್ತಿ ಬಾಗಿಲ ಮೇಲಿನ ಬೋರ್ಡು ತೋರಿಸಿದಳು. ಗಟ್ಟಿಯಾಗಿ ಓದಿದಳು. "ಕೆಲಸ ಬಾಕಿ ಇರುವಾಗ ಯಾವ ಕೋಣೆಗೂ ಬೀಗ ಹಾಕಕೂಡದು. ಸಹಿ ನಿಮ್ಮದೇ ಅಲ್ವಾ ಸಾರ್?"

ಗುಮಾಸ್ತ ತಾನು ಬರೆದದ್ದನ್ನು ತಾನೇ ಮೂರು ಸಲ ಓದಿದ. ಅಕ್ಷರ ಚೆನ್ನಾಗಿತ್ತು. ಸರಿ, ಮುಗಿದ ಮೇಲೆ ಬರ್ತೀನಿ ಅಂದ. ಗೆರೆಯಣ್ಣ ಪೆಟ್ಟಿಗೆಗೆ ಇದ್ದಿಲು ತುಂಬಿ ಊದಿದ. ಅವತ್ತು ಹತ್ತು ಕೋಟು ಆಯ್ತು, ಮೂರು ಬಾಕಿ. ಮಾರನೇ ದಿನ ಆ ಮೂರು ಮುಗಿಯೋದರೊಳಗೆ ಇನ್ನೈದು ಬಂದವು. ಆಮೇಲೆ ಮೇಷ್ಟ್ರುಗಳದು, ಪ್ರಿನ್ಸಿಪಾಲರದು. ಗುಮಾಸ್ತ ದಿನಾ ಸಂಜೆ ಬಂದು ಇಣುಕೋನು. ದಿನಾ ಒಂದಾದರೂ ಕೋಟು ಬಾಕಿ ಇರೋದು. ಎರಡು ತಿಂಗಳು ಹೀಗೆ ಆಯ್ತು. ಒಂದು ಸಂಜೆ ಅವನು ಇಣುಕಲಿಲ್ಲ, ಒಳಗೇ ಬಂದ. ಮಗಳ ಮದುವೆ ಇತ್ತು. ಕಂಕುಳಲ್ಲಿ ಕಾಗದ ಸುತ್ತಿದ ಕೋಟು.

"ಗೆರೆ ಚೆನ್ನಾಗಿ ಬರ್ಬೇಕಪ್ಪ."

"ಬೀಗದ ಕೈ ತೆಗೆದು ಆ ಕಡೆ ಇಡಿ ಸಾರ್," ಅಂದ ಗೆರೆಯಣ್ಣ. "ಸದ್ದಿಗೆ ಗೆರೆ ಓರೆ ಹೋಗುತ್ತೆ."

ಇನ್ನೂ ಮೂರು ವರ್ಷ ಗೆರೆಯಣ್ಣ ಆ ಕೋಣೆಯಲ್ಲಿ ನಿಂತ. ಪ್ರತಿ ವರ್ಷ ಟೀಮ್ ಆರಿಸೋ ಹೊತ್ತಿಗೆ ಕೋಚ್ ಬಟ್ಟೆ ಗಂಟು ತಂದು ತೊಟ್ಟಿ ಹತ್ತಿರ ಹಾಕಿ, ಕೈಕಟ್ಟಿ ನಿಲ್ಲೋರು. ಹೆಂಡತಿ ಹಗ್ಗಕ್ಕೆ ಹಾಕಿ ಹೇಳೋಳು. ಗೆರೆಯಣ್ಣ ಪಕ್ಕದಲ್ಲಿ ನಿಂತು ತಾನೇ ಹೇಳಿದ ಹಾಗೆ ತಲೆ ಆಡಿಸೋನು.

ಒಂದು ಬೆಳಿಗ್ಗೆ ಮೇಜಿನ ಮೇಲೆ ಕೋಚ್ ಸಾರ್ ಕೋಟು ಇತ್ತು. ಬೆನ್ನು ಆಗಿತ್ತು. ಎಡತೋಳು ಆಗಿತ್ತು. ಅವನು ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟ. "ಸ್ವಲ್ಪ ಕೂರ್ತೀನಿ ಕಣೇ" ಅಂದ. ಕೂತ. ಗೋಡೆಗೆ ಒರಗಿದ. ಹೆಂಡತಿ ಹೊರಗಿಂದ ಏನೋ ಅಂದಳು. ಗೋಡೆ ಆಚೆಯಿಂದ ಮಾತು ಬರಲಿಲ್ಲ. ಮಂದ ಕಿವಿ ಅಂದುಕೊಂಡು ಇನ್ನೊಂದು ಸಲ ಅಂದಳು.

ಹೋಗೋ ಹೊತ್ತಲ್ಲೂ ಪೆಟ್ಟಿಗೆಯನ್ನು ಬಟ್ಟೆ ಮೇಲೆ ಬಿಡಲಿಲ್ಲ. ಎತ್ತಿಟ್ಟು ಹೋದ. ಕೋಟಿಗೆ ಒಂದು ಕಲೆ ಇಲ್ಲ.

ತಿಂಗಳು ಕಳೆದ ಮೇಲೆ ಗುಮಾಸ್ತ ಬಂದ. ಬೀಗದ ಕೈಗಳನ್ನು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದಿದ್ದ. ಬಾಗಿಲಲ್ಲೇ ನಿಂತ. "ಮೇಲಿನವರು ಕೇಳ್ತಿದ್ದಾರಮ್ಮ. ಇಲ್ಲಿ ಕೆಲಸ ಏನಾದ್ರೂ ಬಾಕಿ ಇದ್ಯಾ?"

ಒಳಗೆ ಇಸ್ತ್ರಿ ಮೇಜಿನ ಮುಂದೆ ಹೆಂಡತಿ ನಿಂತಿದ್ದಳು. ಒಗೆಯೋದರ ಜೊತೆ ಈಗ ಇದೂ ಅವಳದೇ. ಮೈಮೇಲೆ ಒಂದನೇ ನಂಬರ್, ಸೀರೆ ಮೇಲೆ. ಗೂಟದಲ್ಲಿ ಕೋಟು ನೇತಾಡುತ್ತಿತ್ತು. ಎಡತೋಳು ಕತ್ತಿ ಹಾಗೆ. ಬಲತೋಳು ಮುದುಡಿಕೊಂಡು.

"ಇದೆ," ಅಂದಳು. "ಒಂದು ತೋಳು."

ಗುಮಾಸ್ತ ಕೋಟು ನೋಡಿದ. ಬೋರ್ಡು ನೋಡಿದ. ಹಾಗಿದ್ರೆ ಸರಿ ಅಂತ ಹೋದ.

ಕೋಚ್ ಆಗಾಗ ಬರುತ್ತಾರೆ. ಬಾಗಿಲಿಗೆ ಒರಗುತ್ತಾರೆ. "ಅಕ್ಕ, ನನ್ನ ಕೋಟು ಆಯ್ತಾ?"

"ಇನ್ನೂ ಇಲ್ಲ ಸಾರ್."

"ಅವಸರ ಇಲ್ಲ," ಅನ್ನುತ್ತಾರೆ ಕೋಚ್. ಆಮೇಲೆ ಹೊಸ ಟೀಮಿನ ಗಂಟನ್ನು ತೊಟ್ಟಿ ಹತ್ತಿರ ಇಡುತ್ತಾರೆ.